ಪುಟ್ಟಮಲ್ಲಮ್ಮನವರ ನೀರು

ಸೆಪ್ಟೆಂಬರ್ 22, ಸೋಮವಾರ

ಇವತ್ತಿನಿಂದ ಬಾಯ್ಲರ್ ಮನೆಯ ಬೀಗದ ಕೈ ನನ್ನ ಹತ್ತಿರ. ಶಂಕರ್ ಮಂಚದ ಮೇಲೆ ಕೂತು, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ರಾಜ್ಯ ಬಿಟ್ಟುಕೊಡುವವನ ಮುಖ ಮಾಡಿ ಕೊಟ್ಟ. ಹೋದ ವಾರ ದಿಂಬಂ ಘಾಟಿಯ ತಿರುವಿನಲ್ಲಿ ಬೈಕು ಜಾರಿ ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ. ಎರಡು ತಿಂಗಳು ಕಾಲು ನೆಲಕ್ಕೆ ಊರಬಾರದು ಅಂತ ಸತ್ಯಮಂಗಲದ ಡಾಕ್ಟರು ಹೇಳಿದ್ದಾರೆ. ಟೊಮೆಟೊ ಮಾತ್ರ ಎರಡು ತಿಂಗಳು ಕಾಯುವುದಿಲ್ಲ.

ತಾಳವಾಡಿಯಿಂದ ಜೀರಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಗಂಡನ ಮನೆಯವರ ಟೊಮೆಟೊ ಪಲ್ಪ್ ಯೂನಿಟ್. ಸುತ್ತಲಿನ ರೈತರ ಹಣ್ಣು ಬರುತ್ತದೆ, ಹೆಂಗಸರು ತೊಳೆದು ಆರಿಸುತ್ತಾರೆ. ಅರೆದು, ಹಬೆಯಲ್ಲಿ ಬೇಯಿಸಿ, ತಣಿಸಿ, ಡಬ್ಬ ತುಂಬಿ ಕೊಯಮತ್ತೂರಿನ ಹೋಟೆಲುಗಳಿಗೆ ಕಳಿಸುವುದು. ಹಬೆಯ ಬಾಯ್ಲರು ಕರಿಯಣ್ಣನ ಕೈಯಲ್ಲಿದೆ. ಉಳಿದದ್ದೆಲ್ಲ ಇಷ್ಟು ದಿನ ಶಂಕರ್ ನೋಡುತ್ತಿದ್ದ.

ಮದುವೆಗೆ ಮುಂಚೆ ನಾನು ಚಾಮರಾಜನಗರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು. ಈ ಮನೆಗೆ ಬಂದು ಹತ್ತು ತಿಂಗಳಾದರೂ ಸಾಸಿವೆ ಯಾವ ಡಬ್ಬದಲ್ಲಿದೆ ಅಂತ ತಿಳಿಯದು. ಅತ್ತೆಯವರು, ಅಂದರೆ ಪುಟ್ಟಮಲ್ಲಮ್ಮನವರು, ನನ್ನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ. ಬೈಯುವುದೂ ಇಲ್ಲ. ಬಂದ ನೆಂಟರಿಗೆ ಬಡಿಸುವ ಹಾಗೆ ಬಡಿಸಿ, "ಸಾಕಾ? ಇನ್ನೊಸಿ ಆಕ್ಲಾ?" ಅನ್ನುತ್ತಾರೆ. ಅದನ್ನು ಯಾರಿಗೆ ದೂರು ಹೇಳುವುದು? ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೆಂಗಸರು ಊಟಕ್ಕೆ ಕೂತಾಗ ಯೂನಿಟ್ಟಿನ ಈ ಪುಟ್ಟ ಆಫೀಸಿನಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ.

ಸೆಪ್ಟೆಂಬರ್ 24, ಬುಧವಾರ

ಬಾಯ್ಲರ್ ಹಬೆ ಏರಲು ಮೊದಲಿಗಿಂತ ಎಷ್ಟೋ ಹೊತ್ತು ಹಿಡಿಯುತ್ತಿದೆಯಂತೆ. ಸೌದೆ ಒಂದೂವರೆ ಪಟ್ಟು ತಿನ್ನುತ್ತಿದೆಯಂತೆ. ಕರಿಯಣ್ಣ ಇದನ್ನು ಹೇಳಿದ್ದು ನನಗಲ್ಲ, ಬೆಂಕಿಗೆ. ನಾನು ಪಕ್ಕದಲ್ಲಿದ್ದೆ, ಅಷ್ಟೆ.

ಹೊರಗೆ ಬಂದು ತಣಿಸುವ ಗೋಪುರ ನೋಡಿದೆ. ಬಿಸಿ ನೀರು ಮೇಲಿನಿಂದ ಹನಿಯಾಗಿ ಬಿದ್ದು ಗಾಳಿಗೆ ತಣ್ಣಗಾಗುವ ಪೆಟ್ಟಿಗೆ ಅದು. ಅದಕ್ಕೆ ಬಿಳಿ ಗಡ್ಡ ಬೆಳೆದಿದೆ. ಉಗುರಿನಲ್ಲಿ ಕೆರೆದರೆ ಸುಣ್ಣ.

ಕಾಲೇಜಿನ ಟ್ರಂಕಿನಲ್ಲಿ ನೀರು ಪರೀಕ್ಷೆಯ ಕಿಟ್ ಇತ್ತು. ಬೋರ್‌ವೆಲ್ ನೀರಿಗೆ ಬಣ್ಣ ಹಾಕಿದರೆ ದ್ರಾಕ್ಷಿಯ ಕೆಂಪು. ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ನೀಲಿಗೆ ತಿರುಗುವ ಹೊತ್ತಿಗೆ ಎಷ್ಟು ಹನಿ ಹಿಡಿಯಿತೋ ನೀರು ಅಷ್ಟು ಗಡಸು. ಬಿಟ್ಟೆ, ಬಿಟ್ಟೆ, ಬಿಟ್ಟೆ. ಸೀಸೆ ಖಾಲಿಯಾಗುತ್ತ ಬಂದರೂ ಕೆಂಪು ಹೋಗಲಿಲ್ಲ. ಇಂಥ ನೀರನ್ನು ದಿನವೂ ಕುದಿಸಿದರೆ ಅದರ ಸುಣ್ಣವೆಲ್ಲ ಬಾಯ್ಲರ್ ಒಳಗೇ ಹೆಪ್ಪುಗಟ್ಟುತ್ತದೆ. ಕಬ್ಬಿಣಕ್ಕೂ ನೀರಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ. ಬೆಂಕಿಯ ಕಾವು ನೀರಿಗೆ ಹೋಗದೆ ಕಬ್ಬಿಣವನ್ನೇ ಸುಡುತ್ತದೆ.

ಊಟದ ಹೊತ್ತಿನಲ್ಲಿ ಹೇಳಿದೆ. "ಅತ್ತೆ, ನಮ್ಮ ಬೋರ್ ನೀರು ತುಂಬಾ ಗಡಸು."

ಅತ್ತೆಯವರು ಸೌಟು ಹಿಡಿದ ಕೈ ನಿಲ್ಲಿಸಿದರು. "ನೀರ್ಗ ಎಂತಾ ಗಡಸವ್ವ? ನೀರ್ಗ ಮೂಳ ಇದ್ದದ?"

ಶಂಕರ್ ಒಳಕೋಣೆಯ ಮಂಚದಿಂದಲೇ ನಕ್ಕ. ಅತ್ತೆಯವರು ನಗಲಿಲ್ಲ.

"ನಿಮ್ಮ ಮಾವ ತೋರ್ಸಿದ ನೀರು ಅದು. ಮೂರ್ ಕಡ ಕೊರ್ದು ಬರೀ ದೂಳು ಬಂದಾಗ, ಅವ್ರು ಈ ಜಾಗದಲ್ಲಿ ನಿಂತ್ಕಂಡು ಇಲ್ಲಿ ಕೊರೀರಿ ಅಂದ್ರು. ಊರೇ ಕುಡುದದ. ಯಾರ ಒಟ್ಟನೂ ಕೆಟ್ಟಿಲ್ಲ."

ಹೊಟ್ಟೆಯ ಮಾತಲ್ಲ ಇದು, ಬಾಯ್ಲರ್ ಮಾತು ಅನ್ನಬೇಕು ಅಂದುಕೊಂಡೆ. ಗೋಡೆಯ ಮೇಲೆ ಮಾವ ಶಿವಶಂಕರಪ್ಪನವರ ಹಾರ ಹಾಕಿದ ಫೋಟೊ ಇತ್ತು. ಅನ್ನ ಕಲಸಿಕೊಂಡೆ.

ಸೆಪ್ಟೆಂಬರ್ 29, ಸೋಮವಾರ

ಇವತ್ತು ಸಿಟ್ಟು ಬಂದಿದೆ.

ಬಾಯ್ಲರ್ ಮನೆಯ ಮೂಲೆಯಲ್ಲಿ ನೀಲಿ ಟ್ಯಾಂಕು ಒಂದಿದೆ, ಸಾಫ್ಟ್‌ನರ್. ಒಳಗೆ ಸಾಸಿವೆಯಂಥ ಹಳದಿ ಮಣಿಗಳು. ಗಡಸು ನೀರು ಹಾದುಹೋಗುವಾಗ ಅದರ ಸುಣ್ಣವನ್ನು ಮಣಿಗಳು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ಹೊಟ್ಟೆ ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಆಗ ಸುಣ್ಣ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ಟ್ಯಾಂಕಿನಿಂದ ಹೊರಬರುವ ನೀರು ಪರೀಕ್ಷೆ ಮಾಡಿದೆ. ಬೋರ್ ನೀರಷ್ಟೇ ಗಡಸು.

"ಕರಿಯಣ್ಣ, ಇದಕ್ಕೆ ಉಪ್ಪು ಹಾಕಿ ಎಷ್ಟು ದಿನ ಆಯ್ತು?"

ಅವರು ಟವೆಲ್ಲಿನಲ್ಲಿ ಕತ್ತು ಒರೆಸಿಕೊಂಡರು. ಒರೆಸಿದ ಕತ್ತನ್ನೇ ಮತ್ತೆ ಒರೆಸಿದರು.

"ಯುಗಾದಿ ಆದ್ಮೇಲ ಆಕಿಲ್ಲ ಮೇಡಮ್ಮೋರೆ."

"ಯಾಕೆ?"

"ಅಮ್ಮಾವ್ರು ಬ್ಯಾಡ ಅಂದ್ರು."

"ಶಂಕರ್‌ಗೆ ಹೇಳಲಿಲ್ವಾ?"

"ಅವ್ರ್ಗ ಏಳುದ್ರ ಅಮ್ಮಾವ್ರ್ಗ ಬೇಜಾರು. ಅಮ್ಮಾವ್ರ ಮಾತ ಮೀರುದ್ರ ನಂಗ ಬೇಜಾರು."

ಇಂಥ ಮನೆಯಲ್ಲಿ ನಾನು ಏನು ಮಾಡಲಿ?

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಅತ್ತೆಯವರು ಬಾಯ್ಲರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕೈ ಮುಗಿದರು. ನಾನೂ ಮುಗಿದೆ. ನನ್ನ ಪ್ರಾರ್ಥನೆ ಸ್ವಲ್ಪ ಬೇರೆ ಇತ್ತು.

ಪೂಜೆಯಾದ ಮೇಲೆ, ಎಲ್ಲರೂ ಪುರಿ ತಿನ್ನುತ್ತಿರುವಾಗ, ಕೇಳಿಯೇಬಿಟ್ಟೆ. "ಅತ್ತೆ, ಉಪ್ಪು ಯಾಕೆ ನಿಲ್ಲಿಸಿದಿರಿ?"

ಅತ್ತೆಯವರು ಬಾಯ್ಲರ್ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕರಿಬೇವಿನ ಮರ, ನನ್ನ ತೋಳಿನಷ್ಟು ದಪ್ಪದ ಕಾಂಡ. ಒಂದು ಎಲೆ ಇಲ್ಲ. ಪಕ್ಕದಲ್ಲಿ ಎರಡು ಬಾಳೆ ಕೊಳೆತು ಮಲಗಿದ್ದವು. ನೆಲದ ಮೇಲೆ ಬಿಳಿಯ ಪೊರೆ.

"ತವರಿಂದ ತಂದ ಸಸಿ ಇದು," ಅಂದರು. "ಉಪ್ಪ ಕಲ್ಸಿದ ನೀರು ಇಲ್ಗೇ ಅರೀತಿತ್ತು. ದಿನಾ ಒಂದೊಂದ್ ಕೊಂಬ ಒಣಗ್ತು. ಭೂಮಿಗ ಉಪ್ಪ ಉಯ್ಯದು ಒಳ್ಳೆ ಕೆಲ್ಸವಾ, ನೀನೇ ಏಳು. ಓದಿರೋಳು ನೀನು."

ಒಳ್ಳೆಯ ಕೆಲಸವಲ್ಲ. ಬಾಯ್ಲರ್ ಉಳಿಸುವ ಉಪ್ಪು ಮರ ಕೊಂದಿತ್ತು. ಮರ ಉಳಿಸಲು ಹೋದದ್ದು ಬಾಯ್ಲರನ್ನು ಕೊಲ್ಲುತ್ತಿದೆ.

"ಬೇರೆ ಗುಂಡಿ ತೆಗೆಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಆ ನೀರನ್ನು ಅಲ್ಲೇ ನಿಲ್ಲಿಸಬಹುದು ಅತ್ತೆ. ಬಿಸಿಲಿಗೆ ಆರುತ್ತೆ."

"ಇದ್ದ ಒಂದ್ ಜಾಗ ಕೆಟ್ಟದ. ಇನ್ನೊಂದ್ ಜಾಗ ಕೆಡ್ಸಕ್ಕ ನಾ ಬುಡಲ್ಲ," ಅಂದು ಒಳಗೆ ಹೋದರು.

ಶಂಕರ್‌ಗೆ ಹೇಳಿದರೆ, "ಇಬ್ಬರೂ ಸರಿ ಇದೀರಿ," ಅಂದ. ಕಾಲು ಮುರಿದವನನ್ನು ಹೊಡೆಯುವ ಹಾಗಿಲ್ಲ.

ಅಕ್ಟೋಬರ್ 8

ಬಾಯ್ಲರಿನ ತಳದ ಕೆಸರು ನೀರನ್ನು ಬೆಳಿಗ್ಗೆ ಸಂಜೆ ಹೊರಬಿಡಿಸುತ್ತಿದ್ದೇನೆ. ಅಷ್ಟಾದರೂ ಆಗಲಿ. ಸೌದೆ ಇನ್ನೂ ಹೆಚ್ಚು ಹೋಗುತ್ತಿದೆ. ಶಂಕರ್ ಮನೆಯಿಂದ ಫೋನ್ ಮಾಡಿ ಹೊಗೆಯ ಬಣ್ಣ ಕೇಳುತ್ತಾನೆ. ಕಿಟಕಿಯಿಂದ ಕಾಣುತ್ತದೆ, ಆದರೂ ಕೇಳುತ್ತಾನೆ.

ಅಕ್ಟೋಬರ್ 17, ಶುಕ್ರವಾರ

ಇವತ್ತು ಬಾಯ್ಲರ್ ನಿಲ್ಲಿಸಿದೆ.

ಬೆಳಿಗ್ಗೆ ಬೆಂಕಿ ಹಾಕಿದ ಮೇಲೆ ಒಳಗಿಂದ ಸದ್ದು ಬಂತು. ಯಾರೋ ಕಲ್ಲು ಉರುಳಿಸಿದ ಹಾಗೆ. ನಿಂತಿತು, ಮತ್ತೆ ಬಂತು. ಚಿಮಣಿಗೆ ಹೋಗುವ ಹೊಗೆಯ ಕಾವು ಮಾಪಕದ ಕೊನೆ ಮುಟ್ಟಿತ್ತು. ನೀರಿಗೆ ಹೋಗಬೇಕಾದ ಬೆಂಕಿ ಸುಮ್ಮನೆ ಆಕಾಶಕ್ಕೆ ಹೋಗುತ್ತಿದೆ.

"ಕರಿಯಣ್ಣ, ಬೆಂಕಿ ಎಳೀರಿ."

"ಮೇಡಮ್ಮೋರೆ, ಗೇಟ್ನಲ್ಲಿ ಟಮಾಟ ಬಂದ್ ನಿಂತದ."

"ನಿಂತಿರಲಿ. ಎಳೀರಿ."

ಕೆಂಡ ಹೊರಗೆಳೆದು ಮಣ್ಣು ಹಾಕಿದರು. ಗೇಟಿನಲ್ಲಿ ಜೀರಹಳ್ಳಿಯ ಶಿವಮಲ್ಲು ಅವರ ಟೆಂಪೊ, ಅದರ ಹಿಂದೆ ಇನ್ನೂ ಎರಡು ಗಾಡಿ. ಅವರು ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅಬ್ಬದ ಮುಂದ ಇಂಗ್ ಮಾಡುದ್ರ ನಾವೆಲ್ಗ ಓಗದವ್ವ?" ಅಂದರು. "ಇನ್ನೆರಡ್ ದಿನ್ಕ ಕೊಳ್ತೋಯ್ತದ."

ಶಂಕರ್ ಫೋನಿನಲ್ಲಿ, "ಶ್ವೇತ, ಇನ್ನು ಹದಿನೈದು ದಿನ ಹೇಗಾದರೂ ತಳ್ಳು. ಸೀಸನ್ ಮುಗಿದ ಮೇಲೆ ಬಿಚ್ಚೋಣ," ಅಂದ. ಒಳಗೆ ಏನಾಗಿದೆ ಅಂತ ನೋಡದೆ ನಾನು ತಳ್ಳುವುದಿಲ್ಲ ಅಂದೆ. "ನಿನಗೆ ಖಾತ್ರಿ ಇದೆಯಾ?" ಅಂತ ಕೇಳಿದ. ಇಲ್ಲ ಅಂದೆ. ಅದೇ ನಿಜ. ನಾನು ಪಾಠ ಹೇಳಿದವಳು, ಬಾಯ್ಲರ್ ಬಿಚ್ಚಿದವಳಲ್ಲ.

ಅಷ್ಟರಲ್ಲಿ ಅತ್ತೆಯವರು ಬಂದರು. ತಲೆಯ ಮೇಲೆ ಸೆರಗು, ಕಾಲಲ್ಲಿ ಚಪ್ಪಲಿ ಇಲ್ಲ. ಮನೆಯಿಂದ ಓಡಿಯೇ ಬಂದಿರಬೇಕು.

"ನನ್ ಗಂಡ ತೋರ್ಸಿದ ನೀರಲ್ಲಿ ಇಷ್ಟ್ ವರ್ಷ ಓಡ್ದ ಬಾಯ್ಲರು, ನೀನ್ ಬಂದ್ ತಿಂಗ್ಳಿಗ ಕೆಟ್ಟೋಯ್ತಾ?"

"ಕೆಟ್ಟಿಲ್ಲ ಅಂತ ಗೊತ್ತಾದರೆ ನಾನೇ ಬೆಂಕಿ ಹಾಕ್ತೀನಿ ಅತ್ತೆ. ನೋಡದೆ ಹಾಕಲ್ಲ."

ಎಲ್ಲರ ಎದುರು ಅವರಿಗೆ ಎದುರಾಡಿದ್ದು ಇದೇ ಮೊದಲು. ಹೆಂಗಸರೆಲ್ಲ ಹಣ್ಣಿನ ಬುಟ್ಟಿ ಹಿಡಿದುಕೊಂಡೇ ನಿಂತಿದ್ದರು. ಅತ್ತೆಯವರು ನನ್ನನ್ನು ನೋಡಿದರು, ಆಮೇಲೆ ತಣ್ಣಗಾಗುತ್ತಿದ್ದ ಬಾಯ್ಲರನ್ನು. ಗೇಟಿಗೆ ಹೋದರು. ಕಲ್ಲಿನ ಮೇಲೆ ಕೂತು, ಶಿವಮಲ್ಲು ಅವರ ಫೋನನ್ನೇ ಇಸಿದುಕೊಂಡು, ಚಾಮರಾಜನಗರದ ಮಂಡಿಯ ಯಾರ ಜೊತೆಯೋ ಮಾತಾಡಿದರು. ಮಧ್ಯಾಹ್ನಕ್ಕೆ ಮೂರೂ ಗಾಡಿ ಆ ಕಡೆ ಹೊರಟವು.

ಅಕ್ಟೋಬರ್ 18

ಅತ್ತೆ ನನ್ನ ಜೊತೆ ಮಾತಾಡುತ್ತಿಲ್ಲ. ಊಟ ಬಡಿಸಿದರು. "ಸಾಕಾ" ಅಂತ ಕೇಳಲಿಲ್ಲ. ಇಷ್ಟು ತಿಂಗಳಿಂದ ಆ ಮಾತು ಕಿರಿಕಿರಿ ಅನ್ನಿಸುತ್ತಿತ್ತು, ಇವತ್ತು ಅದಕ್ಕೇ ಕಾಯುತ್ತ ಖಾಲಿ ತಟ್ಟೆಯ ಮುಂದೆ ಕೂತಿದ್ದೆ.

ಬಾಯ್ಲರ್ ರಿಪೇರಿಯ ಮೋಹನ್ ಸತ್ಯಮಂಗಲದವರು. ದೀಪಾವಳಿ ಮುಗಿದ ಮೇಲೆ ಬರುತ್ತಾರಂತೆ. ಅಲ್ಲಿಯ ತನಕ ನಾನು ಸರಿಯೋ ತಪ್ಪೋ ಅಂತ ಹೇಳುವವರಿಲ್ಲ. ಯೂನಿಟ್ಟಿನ ಹೆಂಗಸರಿಗೆ ಹಬ್ಬದ ವಾರದ ಕೂಲಿ ಹೋಯಿತಲ್ಲ ಅಂತ ಸಣ್ಣಮ್ಮನ ಹತ್ತಿರ ಹೇಳಿಕೊಂಡೆ. ಎಲ್ಲರಿಗಿಂತ ಹಿರಿಯಳು ಆಕೆ.

"ಓಗಿಲ್ಲ ಕಣವ್ವ. ಅಮ್ಮಾವ್ರು ಎಲ್ರೂನೂ ಅರಿಸ್ನದ ಒಲಕ್ಕ ಕರ್ದವ್ರ. ಕಳ ಕೀಳಕ್ಕ."

"ಯಾವಾಗ?"

"ನೆನ್ನ ಸಂಜಲೇ."

ಅರಿಶಿನದ ಹೊಲದಲ್ಲಿ ಕಳೆ ತೆಗೆದು ಎರಡು ವಾರವೂ ಆಗಿಲ್ಲ. ನನಗೆ ಗೊತ್ತು.

ಅಕ್ಟೋಬರ್ 23, ಗುರುವಾರ

ಗುಮಟಾಪುರದಲ್ಲಿ ಇವತ್ತು ಒಬ್ಬರ ಮೇಲೊಬ್ಬರು ಸಗಣಿ ಎರಚಾಡುವ ಸಗಣಿ ಹಬ್ಬ. ಯೂನಿಟ್ಟಿನಲ್ಲಿ ಯಾರೂ ಇಲ್ಲ. ಮೋಹನ್ ಬೆಳಿಗ್ಗೆಯೇ ಬಂದು ಬಾಯ್ಲರಿನ ಬಾಗಿಲು ಬಿಚ್ಚಿದರು. ಟಾರ್ಚ್ ಹಿಡಿದು ತಲೆ ಒಳಗೆ ಹಾಕಿ, ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

"ಮೇಡಂ, ಇಂಗೆ ಪಾರುಂಗ," ಅಂತ ತಮಿಳಿನಲ್ಲೇ ಕರೆದರು. ಆಮೇಲೆ ಕನ್ನಡಕ್ಕೆ ಬಂದರು. "ಇದು ಬಾಯ್ಲರ್ ಇಲ್ಲ, ಸುಣ್ಣದ ಗೂಡು."

ನೋಡಿದೆ. ಒಳಗಿನ ಕೊಳವೆಗಳು ಕಾಣುತ್ತಲೇ ಇರಲಿಲ್ಲ. ಎಲ್ಲಕ್ಕೂ ಬೂದುಬಿಳಿಯ ಕಲ್ಲಿನ ಹೊದಿಕೆ. ಅವರು ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದ ಚೂರು ನನ್ನ ಬೆರಳಿನಷ್ಟು ದಪ್ಪ ಇತ್ತು. ಆಮೇಲೆ ಬೆಂಕಿಗೂಡಿನ ಕಡೆಯಿಂದ ಬೆಳಕು ಬಿಟ್ಟು ತೋರಿಸಿದರು. ಮೇಲ್ಭಾಗದ ಕಬ್ಬಿಣ ಒಂದು ಕಡೆ ಅಂಗೈ ಅಗಲ ಕೆಳಕ್ಕೆ ಉಬ್ಬಿತ್ತು. ಕಾವಲಿಯ ಮೇಲೆ ರೊಟ್ಟಿ ಉಬ್ಬುವ ಹಾಗೆ.

ಹಿಂದೆ ಬಳೆಯ ಸದ್ದಾಯಿತು. ಅತ್ತೆ ಬಂದು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ.

"ಅದು ಒಡ್ದೋಗಿದ್ರ?" ಅಂತ ಮೋಹನ್ ಅವರನ್ನು ಕೇಳಿದರು.

ಮೋಹನ್ ಬೆಂಕಿಬಾಗಿಲಿನ ಎದುರಿನ ಜಾಗ ತೋರಿಸಿದರು. "ಇಲ್ಲಿ ನಿಂತಿರೋರು ಉಳಿಯಲ್ಲ ಅಮ್ಮ."

ಆ ಜಾಗದಲ್ಲಿ ಕರಿಯಣ್ಣ ನಿಂತಿದ್ದರು. ಗುಮಟಾಪುರದಿಂದ ಆಗಷ್ಟೇ ಬಂದವರು. ಎಷ್ಟು ತೊಳೆದುಕೊಂಡರೂ ಕಿವಿಯ ಹಿಂದೆ ಸಗಣಿ ಒಣಗಿ ಅಂಟಿಕೊಂಡಿತ್ತು. ಮೋಹನ್ ಹೇಳಿದ್ದು ಕೇಳಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು, ಬೆಂಕಿ ಇಲ್ಲದಿದ್ದರೂ.

ಅತ್ತೆ ಆ ಸುಣ್ಣದ ಚೂರು ನನ್ನ ಕೈಯಿಂದ ತೆಗೆದುಕೊಂಡರು. ಮುರಿಯಲು ನೋಡಿದರು. ಮುರಿಯಲಿಲ್ಲ.

"ಮೂಳ ಅದ ಕಣಮ್ಮಿ," ಅಂದರು. "ನೀರ್ಗೂ ಮೂಳ ಅದ."

ಆಮೇಲೆ ಕರಿಯಣ್ಣನ ಕಡೆ ತಿರುಗಿದರು. "ಲೋ ಕರಿಯ, ಕಿವಿ ಇಂದ ತೊಳ್ಕ ಓಗ್ಲಾ. ಮನಗ ಬಾ, ಊಟ ಮಾಡು. ಒಬ್ಬಟ್ಟದ."

ಕರಿಯಣ್ಣ ಎಂದಿನಂತೆ ಮನೆಯ ಹಿತ್ತಿಲಿನ ಕಡೆ ಹೊರಟರೆ, "ಅಲ್ಯಾಕ? ಮುಂದ್ಗಡ ಬಾ," ಅಂತ ಗದರಿದರು. ಶಂಕರ್ ಮಂಚದ ಪಕ್ಕದ ಕುರ್ಚಿಯ ಮೇಲೆ ಕೂರಿಸಿ ಬಡಿಸಿದರು. ಕರಿಯಣ್ಣ ಕುರ್ಚಿಯ ತುದಿಯಲ್ಲಿ ಕೂತು, ತಲೆ ಎತ್ತದೆ ತಿಂದರು. ಶಂಕರ್ ನನ್ನ ಕೈಯನ್ನು ಹೊದಿಕೆಯ ಕೆಳಗೆ ಹಿಡಿದುಕೊಂಡ. ಹಿಡಿದುಕೊಂಡೇ ಇದ್ದ.

ಅಕ್ಟೋಬರ್ 24

ಇವತ್ತಿಡೀ ಅತ್ತೆ ಅಮ್ಮಿ ಅಂತಲೇ ಕರೆಯುತ್ತಿದ್ದಾರೆ. ಹೀಗೆ ನನ್ನನ್ನು ನಮ್ಮ ಅಜ್ಜಿ ಕರೆಯುತ್ತಿದ್ದರು. ನನ್ನ ಬಾಯಲ್ಲೂ ಅತ್ತೆ ಹೋಗಿ ಅವ್ವ ಅಂತ ಬಂತು.

ಅಕ್ಟೋಬರ್ 27, ಸೋಮವಾರ

ಮಧ್ಯಾಹ್ನದಿಂದ ಜೋರು ಮಳೆ. ಮೋಹನ್ ಅವರ ಆಸಿಡ್ ತೊಳೆತ ನಿನ್ನೆ ಮುಗಿಯಿತು, ಉಬ್ಬಿದ ಜಾಗ ಕತ್ತರಿಸಿ ಹೊಸ ತಗಡು ಬೆಸೆಯಲು ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರರ ಒಪ್ಪಿಗೆ ಬರಬೇಕು. ಕೆಲಸವಿಲ್ಲದೆ ಮನೆಯಲ್ಲೇ ಇದ್ದೆ. ಅಡುಗೆಮನೆಯ ಹಿಂಬಾಗಿಲಲ್ಲಿ ಪಾತ್ರೆಗಳ ಸದ್ದು ಕೇಳಿ ಹೋದೆ. ಬೇಡ ಅಂತ ಯಾರೂ ತಡೆಯಲಿಲ್ಲ.

ಅವ್ವ ಸೂರಿನ ಕೆಳಗೆ ಸಾಲಾಗಿ ಕೊಡ, ಹಂಡೆ, ಬೋಗುಣಿ ಇಟ್ಟು ಮಳೆನೀರು ಹಿಡಿಯುತ್ತಿದ್ದರು. ಸೀರೆ ಅರ್ಧ ನೆನೆದಿತ್ತು.

"ಇದು ಯಾಕೆ?" ಅಂದೆ. "ನಲ್ಲಿಯಲ್ಲಿ ನೀರು ಬರ್ತಿದೆಯಲ್ಲ."

ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಒಳಕೋಣೆಯ ಕಡೆ ನೋಡಿ, ಶಂಕರ್ ನಿದ್ದೆ ಮಾಡುತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು.

"ಬೋರ್ ನೀರಲ್ಲಿ ಬೇಳ ಬೇಯಲ್ಲ ಅಮ್ಮಿ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ.

"ಮೊದ್ಲ ದಿನ್ವೇ ಗೊತ್ತಾಯ್ತು. ಬೋರ್ಗ ನೀರ್ ಬಿದ್ದುದ್ಕ ಊರ್ಗೆಲ್ಲ ಊಟ ಆಕ್ಸುದ್ರು ನಿಮ್ಮ ಮಾವ. ಒಲ ಮೇಲ ಬೇಳ ಮಧ್ಯಾನದ್ ತನ್ಕ ಕುದ್ದದ, ಕಲ್ಲು ಕಲ್ಲಂಗೇ ಅದ. ಅವ್ರು ಒಳಗ್ ಬಂದು, ಎಂಗದ ನೀರು, ಅಂದ್ರು. ಮಕ ನೋಡ್ದಿ. ಅಷ್ಟ್ ಸಂತೋಷ ನಾನ್ ಆ ಮಕದಲ್ಲಿ ನೋಡೇ ಇರ್ನಿಲ್ಲ. ಅಮೃತ ಕಣ್ರಿ ಅಂದ್ಬುಟ್ಟಿ."

"ಆಮೇಲೆ?"

"ಆಮೇಲ ಏನು? ಮಳ ಬಂದಾಗ್ಲೆಲ್ಲ ಹಿಡ್ದಿಟ್ಕಂಡಿ. ಮಳ ಇಲ್ದಿದ್ರ ಕೆರ ಕಡಯಿಂದ ಸಣ್ಣಮ್ಮ ಒಂದ್ ಬಿಂದ್ಗ ತಂದ್ಕೊಡವ. ಅವ್ರು ಉಣ್ಣೋರು, ನಮ್ ನೀರ್ ಬೇಳ ಎಂಗ್ ಬೆಂದದ ನೋಡು ಅನ್ನೋರು. ಊ ಕಣ್ರಿ ಅಂತಿದ್ದಿ. ಅವ್ರು ಓಗೋ ತನ್ಕ ಏಳ್ನೇ ಇಲ್ಲ."

"ಅವರು ಹೋಗಿ ಮೂರು ವರ್ಷ ಆಯ್ತಲ್ಲ, ಈಗಲಾದರೂ..."

"ಈಗ ಏಳುದ್ರ ಆಗ ಸುಳ್ಳೇಳ್ದಂಗ್ ಆಗಲ್ವಾ?" ಅಂದರು. ಕಣ್ಣು ಒರೆಸಿಕೊಂಡರೋ, ಮಳೆಯ ನೀರನ್ನೋ, ಗೊತ್ತಾಗಲಿಲ್ಲ. "ಅಡ್ಗ ಮನಗ ನಿನ್ನ ಬುಟ್ಕಂಡ್ರ ಮೊದ್ಲು ನೀನ್ ಕೇಳದು ಇದೇ. ಈ ಹಂಡ ಯಾಕ, ಆ ಬಿಂದ್ಗ ಯಾಕ. ಓದ್ದೋಳು, ಬುಡ್ತೀಯಾ?"

ಇಷ್ಟು ತಿಂಗಳು ನಾನು ಏನೇನು ಅಂದುಕೊಂಡಿದ್ದೆ.

ಇಬ್ಬರೂ ಸೇರಿ ಪಾತ್ರೆ ಬದಲಾಯಿಸಿದೆವು. ಒಂದು ಲೋಟದಲ್ಲಿ ಮಳೆನೀರು ತಂದು ಪರೀಕ್ಷೆ ಮಾಡಿದೆ. ಮೊದಲ ಹನಿಗೇ ನೀಲಿ.

"ಅವ್ವ," ಅಂದೆ, "ಯೂನಿಟ್ಟಿನ ತಗಡಿನ ಸೂರು ಎಷ್ಟು ದೊಡ್ಡದು ಗೊತ್ತಾ?"

ನನ್ನ ಮುಖ ನೋಡಿದರು. ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟರು.

"ಅಷ್ಟ್ ದೊಡ್ ಹಂಡ ಎಲ್ಲದ ಅಮ್ಮಿ?"

"ಕಟ್ಟಿಸೋಣ."

ನವೆಂಬರ್ 5

ಬರೆಯಲು ಹೊತ್ತೇ ಸಿಗುತ್ತಿಲ್ಲ. ಸೂರಿನ ಅಂಚಿಗೆ ಮಳೆನೀರು ಹರಿಯುವ ತಗಡಿನ ದೋಣಿ ಕೂರಿಸಿದ್ದಾಯಿತು. ಕೆಳಗೆ ಹಣ್ಣು ತೊಳೆಯುವ ಹಳೆಯ ತೊಟ್ಟಿಗೆ ಮರಳು ಜಲ್ಲಿ ಹಾಕಿ ಸೋಸುವ ಹಾಗೆ ಮಾಡಿದೆವು, ಅಲ್ಲಿಂದ ದೊಡ್ಡ ಟ್ಯಾಂಕಿಗೆ. ಮಳೆ ಇರುವಷ್ಟು ದಿನ ಬಾಯ್ಲರಿಗೆ ಅದೇ ನೀರು. ಬೇಸಿಗೆಗೆ ಸಾಲದು, ಆಗ ಸಾಫ್ಟ್‌ನರ್ ಬೇಕೇ ಬೇಕು ಅಂತ ಅವ್ವನಿಗೆ ಹೇಳಿದೆ. ಮರೆಮಾಚಲಿಲ್ಲ.

ಅವ್ವ ಒಂದು ದಿನ ಪೂರ್ತಿ ಯೋಚನೆ ಮಾಡಿದರು. ಮರುದಿನ ಬೆಳಿಗ್ಗೆ ಜೆಸಿಬಿ ಓಡಿಸುವ ಪುಟ್ಟರಾಜುವನ್ನು ಕರೆಸಿ, ರಸ್ತೆಯ ಬದಿಯ ಕಲ್ಲುಮಣ್ಣಿನ ನೆಲದ ಮೇಲೆ ನಿಂತುಕೊಂಡು, "ಇಲ್ಲಿ. ಇಲ್ಲಿ ಏನೂ ಬೆಳಿಯಲ್ಲ, ತೋಡಪ್ಪ," ಅಂದರು. ಉಪ್ಪುನೀರಿನ ಗುಂಡಿ ಅಲ್ಲಿ. ತಳಕ್ಕೆ ದಪ್ಪ ಹಾಳೆ ಹಾಸುವಾಗ ನಾಲ್ಕೂ ಮೂಲೆ ತಾವೇ ಎಳೆದು ನೋಡಿದರು.

ತಣಿಸುವ ಗೋಪುರದ ಬಿಳಿ ಗಡ್ಡ ತೆಗೆಯುವ ಕೆಲಸ ಹೆಂಗಸರದ್ದು. ನೀರು ಚಿಮ್ಮುವ ಹಿತ್ತಾಳೆಯ ಮೂತಿಗಳನ್ನು ಅವ್ವ ಹುಣಸೆಹುಳಿಯಲ್ಲಿ ನೆನೆಹಾಕಿ ಬೆಳಿಗ್ಗೆ ಉಜ್ಜಿದರು. ದೇವರ ದೀಪದ ಹಾಗೆ ಹೊಳೆಯುತ್ತಿದ್ದವು. ಹುಳಿ ಸುಣ್ಣವನ್ನು ಕರಗಿಸುವುದು ಹೇಗೆ ಅಂತ ನಾನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಂಗಾ? ನಾನ್ ಸುಮ್ನ ತೊಳೀತಿದ್ದಿ," ಅಂದಳು ಅವ್ವ. ಸಣ್ಣಮ್ಮ ಬಿದ್ದು ಬಿದ್ದು ನಕ್ಕಳು.

ನವೆಂಬರ್ 14, ಶುಕ್ರವಾರ

ಇನ್ಸ್‌ಪೆಕ್ಟರ್ ಬಂದರು. ಬಾಯ್ಲರ್ ತುಂಬ ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಹಿಡಿದರು. ಮಾಪಕದ ಮುಳ್ಳು ಅಲ್ಲಾಡಲಿಲ್ಲ. ಹೊಸ ಬೆಸುಗೆಯ ಮೇಲೆ ಬೆವರಿನ ಹನಿಯೂ ಇಲ್ಲ. ಅವರು ಸಹಿ ಹಾಕುವ ತನಕ ಅವ್ವ ಉಸಿರು ಬಿಟ್ಟಿರಲಿಲ್ಲ ಅನ್ನಿಸುತ್ತದೆ. ಬಿಟ್ಟಾಗ ನನಗೆ ಕೇಳಿಸಿತು.

ಬೆಂಕಿ ಹಾಕುವ ಮುಂಚೆ ಕರಿಯಣ್ಣ ಅವ್ವನ ಮುಖ ನೋಡಿದರು. ಅವ್ವ ನನ್ನ ಮುಖ ನೋಡಿದಳು. ನಾನು ನೀರಿನ ಗಾಜು ನೋಡಿ, ಪಂಪು ನೋಡಿ, ಸುರಕ್ಷತೆಯ ಕವಾಟ ಎತ್ತಿ ಬಿಟ್ಟು, ಹೂಂ ಅಂದೆ. ಹಬೆ ಎಷ್ಟು ಬೇಗ ಏರಿತು ಅಂದರೆ, ಕರಿಯಣ್ಣ ಮಾಪಕ ಕೆಟ್ಟಿರಬೇಕು ಅಂತ ತಟ್ಟಿ ನೋಡಿದರು.

ಶಿವಮಲ್ಲು ಅವರ ಟೆಂಪೊ ಮಧ್ಯಾಹ್ನ ಬಂತು. ಎಲ್ಲರೂ ವಾಪಸ್ ಬಂದಿಲ್ಲ. ಇಬ್ಬರು ರೈತರು ಇನ್ನು ಚಾಮರಾಜನಗರದ ಮಂಡಿಗೇ ಹಾಕುತ್ತಾರಂತೆ. ಬೇಸರವಾಯಿತು. ಆದರೂ ನಿಲ್ಲಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ನವೆಂಬರ್ 20, ಗುರುವಾರ

ಶಂಕರ್ ನಿನ್ನೆಯಿಂದ ಕೋಲು ಹಿಡಿದು ನಡೆಯುತ್ತಿದ್ದಾನೆ. ಹಜಾರದಿಂದ ಅಡುಗೆಮನೆಗೆ ಬಂದವನು, ನಾವಿಬ್ಬರೂ ಒಲೆಯ ಮುಂದೆ ಕೂತು ಕಾಫಿ ಕುಡಿಯುವುದನ್ನು ನೋಡಿ, ಬಾಗಿಲಲ್ಲೇ ನಿಂತ. ಅವ್ವನೂ ನಾನೂ ಮಾತಾಡುತ್ತಿದ್ದದ್ದು ಟ್ಯಾಂಕಿಗೆ ಮುಚ್ಚಳ ಹಾಕಿಸುವ ವಿಷಯ. ಕೋತಿಗಳು ಇಳಿಯುತ್ತಿವೆ.

"ನಾಳಿಂದ ಯೂನಿಟ್ ನಾನೇ ನೋಡ್ಕತೀನಿ ಬುಡವ್ವ," ಅಂದ. "ಪಾಪ, ಶ್ವೇತಂಗೂ ಸಾಕಾಗದ."

ಅವ್ವ ಲೋಟ ಕೆಳಗಿಡಲಿಲ್ಲ.

"ನೀನು ಮಂಡಿ ನೋಡ್ಕ. ಆ ಇಬ್ರ ಮನಗ ಓಗಿ ಮಾತಾಡಿ, ಟಮಾಟ ತಿರ್ಗ ಬರಂಗ ಮಾಡು. ನೀರೂ ಬೆಂಕಿನೂ ನಾವ್ ನೋಡ್ಕತೀವಿ."

"ನಾವು ಅಂದ್ರ ಯಾರವ್ವ?"

ಅವ್ವ ಎದ್ದು ಸೆರಗು ಸರಿಮಾಡಿಕೊಂಡು, "ಬಾ ಅಮ್ಮಿ, ಒತ್ತಾಯ್ತು. ಕರಿಯ ಕಾಯ್ತಾ ಇರ್ತಾನ," ಅಂದಳು. ನಾನೂ ಎದ್ದೆ.

ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. "ಅವ್ವ, ಶಂಕರ್‌ಗೆ ತಿಂಡಿ ಕೊಡಲೇ ಇಲ್ಲ."

"ಕಾಲ್ ಬಂದದಲ್ಲ," ಅಂದಳು ಅವ್ವ, ನಿಲ್ಲದೆ. "ಆಕ್ಕಂಡ್ ತಿಂತಾನ ಬುಡು."